ಭಾಂಡೇದಕ್ಕ ತಂದ ರೇಡಿಯೊ

ಹೋದ ವಾರ ಹಳೆಯ ವಾಲ್ವ್ ರೇಡಿಯೊ ಒಂದನ್ನು ಹಚ್ಚಿ ಕೂತಿದ್ದೆ. ಒಳಗಿನ ದೂಳು ಕಾದು, ಸುಟ್ಟ ವಾಸನೆ ಕೋಣೆ ತುಂಬಿತು. ಅದರೊಂದಿಗೇ ಭಾಂಡೇದಕ್ಕ ನೆನಪಾದಳು...

೧೯೯೭ರ ಸುಮಾರಿಗೆ ನಾನು ಕೊಪ್ಪಳದಲ್ಲಿ ಗುಮಾಸ್ತನಾಗಿದ್ದೆ. ಹಳೆಯ ರೇಡಿಯೊ ಕೂಡಿಹಾಕುವ ಹುಚ್ಚು ಹತ್ತಿತ್ತು. ಮನೆಮನೆಗೆ ಟಿವಿ ಬಂದು, ರೇಡಿಯೊಗಳು ಕಾಳಿನ ಚೀಲಗಳ ಹಿಂದೆ ಸರಿದಿದ್ದ ಕಾಲ. ತಳಕಲ್ಲು ಎಂಬ ಹಳ್ಳಿಯ ಆ ಹೆಂಗಸು ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದಳು. ಹಳೆಯ ಸಾಮಾನು ಪಡೆದು ಹೊಸ ಪಾತ್ರೆ ಕೊಡುವುದು ಆಕೆಯ ಕಸುಬು. ನಮ್ಮ ಕಡೆ ಪಾತ್ರೆಗೆ ಭಾಂಡೆ ಎನ್ನುತ್ತಾರೆ, ಹಾಗಾಗಿ ಎಲ್ಲರಿಗೂ ಭಾಂಡೇದಕ್ಕ. ಸಿಕ್ಕ ರೇಡಿಯೊಗಳನ್ನು ನನಗೆ ತಂದುಕೊಡುತ್ತಿದ್ದಳು.

"ಗಂಗಾವತಿ ಕಡೆ ಭಾಳ ಇದ್ದೂರೀ ಸಾಹೇಬ್ರ, ಗುಜರಿಯವ್ರು ಮೊದ್ಲ ಬಾಚ್ಯಾರ. ಕುಷ್ಟಗಿ ಕಡೆ ಗೆದ್ದಲ ತಿಂದಾವ. ಯಲಬುರ್ಗಾದಾಗ ಅಲ್ಲೊಂದು ಇಲ್ಲೊಂದು ಅದಾವ ನೋಡ್ರಿ."

ಕೈಗೆ ಬಂದ ಪ್ರತಿ ರೇಡಿಯೊದ ಗುಂಡಿಗಳನ್ನು ಬೆರಳಿಂದ ಸವರಿ ನೋಡುವುದು ಆಕೆಯ ರೂಢಿ. ಯಾಕೆಂದು ಒಮ್ಮೆ ಕೇಳಿದೆ. ಮದುವೆಗೆ ಅಪ್ಪ ಒಂದು ರೇಡಿಯೊ ಕೊಟ್ಟಿದ್ದನಂತೆ. ಗುಂಡಿ ಒಡೆದಾಗ ಬೇವಿನ ಕಟ್ಟಿಗೆಯಲ್ಲಿ ತಾನೇ ಒಂದನ್ನು ಕೆತ್ತಿ ಕೂಡಿಸಿದ್ದನಂತೆ. ಗಂಡ ಒಂದು ದಿನ ಅದನ್ನು ಬಗಲಲ್ಲಿಟ್ಟುಕೊಂಡು ಮನೆ ಬಿಟ್ಟು ಹೋದ.

"ಅದು ಸಿಕ್ರ ಅವನೂ ಅಲ್ಲೇ ಎಲ್ಲೋ ಇರ್ತಾನ್ರೀ."

ನನಗೆ ನಂಬಿಕೆ ಬರಲಿಲ್ಲ. ಆದರೂ ಹೋದಲ್ಲೆಲ್ಲ ಕಟ್ಟಿಗೆಯ ಗುಂಡಿ ಹುಡುಕತೊಡಗಿದೆ.

ಎಷ್ಟೋ ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಆಕೆ ಬುಟ್ಟಿಯಿಲ್ಲದೆ ಬಂದಳು. ಸೆರಗಿನಲ್ಲಿ ಸುತ್ತಿದ ರೇಡಿಯೊ. ಒಂದು ಗುಂಡಿ ಬೇವಿನದು. "ಕನಕಗಿರ್ಯಾಗ ಸಿಕ್ತ್ರೀ" ಎಂದು ಅದನ್ನು ನೆಲದ ಮೇಲಿಟ್ಟು ಕೂತಳು. ಏನೂ ತಿಳಿಯದ ನನ್ನ ಹೆಂಡತಿ, ಮನೆಗೆ ಬಂದವಳೆಂದು ಕುಂಕುಮದ ಬಟ್ಟಲು ತಂದಳು. ಆಕೆ ಹಣೆಗೆ ಅಂಗೈ ಅಡ್ಡ ಹಿಡಿದಳು.

"ಬ್ಯಾಡ್ರೀ ತಾಯಿ. ಇದು ಸಿಕ್ಕ ಮನ್ಯಾಗ ನನ್ನ ಗಂಡ ಬಾಡಿಗಿ ಇದ್ನಂತ. ಜ್ವರ ಬಂದು ಹೋಗ್ಯಾನ. ಆಗಿ ಭಾಳ ವರ್ಷ ಆತಂತ... ನಾ ಇಷ್ಟ್ ದಿನ ಕುಂಕುಮ ಹಚ್ಕೊಂಡು ತಿರುಗೀನಿ."

ಹೆಂಡತಿ ಬಟ್ಟಲನ್ನು ಒಳಗೆ ಒಯ್ದಳು. ಭಾಂಡೇದಕ್ಕ ರೇಡಿಯೊವನ್ನು ನನ್ನತ್ತ ಸರಿಸಿ, "ಇದರ ದನಿ ಒಮ್ಮೆ ಕೇಳಸ್ರೀ" ಎಂದಳು. ಹಚ್ಚಿದೆ, ದನಿ ಬರಲಿಲ್ಲ. ಒಳಗಿನ ಗಾಜಿನ ಬಲ್ಬಿನಂಥ ವಾಲ್ವ್ ಒಂದು ಸುಟ್ಟಿತ್ತು. "ರಿಪೇರಿ ಮಾಡಿ ಇಡ್ತೀನವಾ, ಬಂದು ಕೇಳು" ಎಂದೆ. ತಲೆಯಾಡಿಸಿ ಹೋದಳು.

ತಿಂಗಳುಗಟ್ಟಲೆ ಹುಡುಕಿದರೂ ಅಂಥ ವಾಲ್ವ್ ಎಲ್ಲೂ ಸಿಗಲಿಲ್ಲ. ಕಡೆಗೆ ನನ್ನದೇ ಇನ್ನೊಂದು ರೇಡಿಯೊದಿಂದ ಕಿತ್ತು ಹಾಕಿದೆ. ದನಿ ಬಂತು. ಮರುದಿನವೇ ಅದನ್ನು ಹೊತ್ತು ತಳಕಲ್ಲಿಗೆ ಹೋದೆ. ಆಕೆಯ ಮನೆಯ ಬಾಗಿಲಿಗೆ ಬೀಗ.

ಪಕ್ಕದ ಮನೆಯಾಕೆ ಹೊರಬಂದು, "ಆಕಿ ತೀರ್ಕೊಂಡು ತಿಂಗಳಾತ್ರೀ" ಎಂದಳು. "ಮೊದ್ಲ ಭಾಂಡೆ ಮಾರೋದು ಬಿಟ್ಳು. ಆಮ್ಯಾಲ ಉಣ್ಣೋದೂ ಬಿಟ್ಳು..."

ಈಗಲೂ ಎಲ್ಲೆಲ್ಲಿಂದಲೋ ಸಂಗ್ರಹದ ಹುಚ್ಚಿನವರು ಫೋನ್ ಮಾಡುತ್ತಾರೆ, ನಿಮ್ಮ ಭಾಗದಲ್ಲಿ ಹಳೆಯ ರೇಡಿಯೊ ಸಿಗುತ್ತವೆಯೇ ಎಂದು. ಇಲ್ಲ ಎನ್ನುತ್ತೇನೆ. ಯಲಬುರ್ಗಾದಲ್ಲೂ ಉಳಿದಿಲ್ಲ. ಬಾಗಿಲಲ್ಲಿ ನಿಂತು "ರೇಡಿಯೊ ಐತೇನ್ರೀ ಯಕ್ಕಾ" ಎಂದು ಕೇಳುವ ದನಿಯೂ ಈಗ ಯಾವ ಓಣಿಯಲ್ಲೂ ಇಲ್ಲ.