ಕೌಂಟರಿನ ಕಾಕಾ ಆರಿಸಿದ ಕಾಯಿಗಳು

ಅವರ ಬಲಗೈ ಹೆಬ್ಬೆರಳು ಎಲ್ಲರ ಹಾಗೆ ನೆಟ್ಟಗಿರಲಿಲ್ಲ. ಕತ್ತರಿಯ ಹಿಡಿಕೆಯೊಳಗೆ ತೂರಿ ತೂರಿ ಹೊರಕ್ಕೆ ಬಾಗಿತ್ತು. ಬುಡದಲ್ಲಿ ಉಂಗುರ ತೊಟ್ಟಂತೆ ಜಡ್ಡುಗಟ್ಟಿದ ಕಪ್ಪು ಗೆರೆ. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದೇ ಒಂದು ಕಚ್ಚು ಕೊಟ್ಟು ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪಾಪ್ಲಿನ್ ಚರ್ರೆಂದು ಸೀಳಿಕೊಂಡು ಹೋಗುತ್ತಿತ್ತು. ಆ ಸದ್ದಿಗೆ ಗಿರಾಕಿಯ ಕಂಕುಳ ಕೂಸು ಬೆಚ್ಚಿದರೆ, "ಹೆದರಬ್ಯಾಡೋ ತಮ್ಮಾ, ಅರಿವಿ ನಗಾಕತ್ತೈತಿ" ಎನ್ನುತ್ತಿದ್ದರು. ಮರಾಠಿ ಕೂಸಿಗೆ ಧಾರವಾಡದ ಕನ್ನಡ ಏನು ತಿಳಿಯಬೇಕು. ಆದರೂ ಅದು ನಗುತ್ತಿತ್ತು.

ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ದಾದರ್ ಸ್ಟೇಷನ್ನಿನ ಎದುರಿದ್ದ ಬಟ್ಟೆ ಅಂಗಡಿಯಲ್ಲಿ ಹಿರಿಯ ಸೇಲ್ಸ್‌ಮನ್. ನಮ್ಮ ಸೇಠರಿಗೆ ಅಂಥವೇ ಅಂಗಡಿಗಳು ಗಿರಗಾಂವ್, ಪರಳ್, ಮುಲುಂಡ್‌ಗಳಲ್ಲೂ ಇದ್ದವು. ಎಲ್ಲ ಕಡೆಯೂ ಅದೇ ಹಸಿರು ಬೋರ್ಡು, ಅದೇ ಉದ್ದನೆಯ ತೇಗದ ಕೌಂಟರು. ಐವತ್ತರ ದಶಕದ ಮಾತು ಇದು.

ನಮ್ಮ ಮನೆ ಆಂಟಾಪ್ ಹಿಲ್‌ನ ಒಂದು ತಗಡಿನ ಖೋಲಿ. ಅಪ್ಪ ಗೋದಿಯಲ್ಲಿ, ಎಂದರೆ ಬಂದರಿನ ಹಡಗುಕಟ್ಟೆಯಲ್ಲಿ, ಹಡಗಿನಿಂದ ಇಳಿಯುವ ಮೂಟೆ ಹೊರುತ್ತಿದ್ದ. ಅವನು ಹೆಬ್ಬೆಟ್ಟು ಒತ್ತುವವನು. ಅವನ ಅಪ್ಪನೂ ಹೆಬ್ಬೆಟ್ಟು ಒತ್ತಿದವನೇ. ನಾನು ಬಿ.ಎ. ಪಾಸಾದವನು. ಇದನ್ನು ಬರೆಯುವಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ, ಅದರಲ್ಲಿ ಮುಚ್ಚಿಡುವುದೇನಿದೆ? ಆದರೆ ಆ ಬಿ.ಎ. ನನ್ನೊಬ್ಬನ ದುಡಿಮೆ ಎಂದು ಬರೆದರೆ ಸುಳ್ಳಾಗುತ್ತದೆ.

ಬೆಳಗಿನ ಕಾಲೇಜು ಮುಗಿಸಿ, ಲೋಕಲ್‌ನಲ್ಲಿ ಬಾಗಿಲಿಗೆ ಜೋತುಬಿದ್ದು ಬರುವ ಹೊತ್ತಿಗೆ ಅಂಗಡಿಯ ಶಟರ್ ಎತ್ತಿ ಬಹಳ ಹೊತ್ತಾಗಿರುತ್ತಿತ್ತು. ನನ್ನನ್ನು ಕೆಲಸಕ್ಕೆ ಸೇರಿಸಿದ ದಿನವೇ ಕಾಕಾ ದೊಡ್ಡ ಸೇಠರಿಗೆ ಹೇಳಿಬಿಟ್ಟಿದ್ದರಂತೆ, ಇವನ ಮುಂಜಾನೆ ಕಾಲೇಜಿನದು, ಉಳಿದ ದಿನ ನಿಮ್ಮದು ಎಂದು. ಸೇಠರು ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ, ಕಾಕಾನ ಮಾತು ಎಂದು. ಬೇರೆ ಎಲ್ಲಿ ಹೋದರೂ ಅಂಥ ಕೆಲಸ ಸಿಗುವಂತಿರಲಿಲ್ಲ. ಈ ಕೆಲಸ ಹೋದರೆ ಕಾಲೇಜೂ ಹೋದಂತೆಯೇ.

ಇಂಟರ್‌ನಲ್ಲಿ ಒಮ್ಮೆ ಫೇಲಾದಾಗ, ಓದು ಸಾಕು, ಗೋದಿಗೆ ಹೋಗುತ್ತೇನೆ ಎಂದು ಕಾಕಾನ ಎದುರು ಅಂದೆ. ಅಂಗಡಿಯ ಬಾಗಿಲಲ್ಲಿ, ಥಾನಿನ ಇಡೀ ಸುರುಳಿ ಹರಿದು ಮಾರಿದ ಮೇಲೆ ಉಳಿದ ತುಂಡು ಬಟ್ಟೆಗಳ ಗುಡ್ಡೆ ಇರುತ್ತಿತ್ತು. ಅವರು ಅದರಲ್ಲಿ ಒಂದನ್ನು ಎಳೆದು ನನ್ನ ಹೆಗಲ ಮೇಲೆ ಹಾಕಿದರು.

"ಇದ ಏನು?"

"ಕಟ್‌ಪೀಸು, ಕಾಕಾ."

"ಇದರಾಗ ಅಂಗಿ ಆಗತೈತೇನು?"

"ಇಲ್ಲ."

"ಚಡ್ಡಿ?"

"ಅದೂ ಇಲ್ಲ."

"ಇದೂ ಮೊದಲ ಇಡೀ ಥಾನಿನಾಗ ಇತ್ತಪಾ. ಅರ್ಧಾ ಹರದ ಬಿಟ್ಟ ಓದೂ ಹಿಂಗ. ಒರಸಾಕ ಬರತೈತಿ, ಉಡಾಕ ಬರೂದಿಲ್ಲ." ಆಮೇಲೆ ಆ ತುಂಡಿನಿಂದಲೇ ಕೌಂಟರು ಒರೆಸಿ ಗಿರಾಕಿಯ ಕಡೆ ತಿರುಗಿದರು. ನಾನು ಮತ್ತೆ ಪರೀಕ್ಷೆಗೆ ಕಟ್ಟಿದೆ.

ಮುಂಬಯಿಯಲ್ಲಿ ಒಬ್ಬನಿಗೆ 'ನಾರಳ ಕೊಟ್ಟರು' ಎಂದರೆ ಕೆಲಸದಿಂದ ತೆಗೆದರು ಎಂದೇ ಜನ ತಿಳಿಯುತ್ತಾರೆ. ನಾರಳವೆಂದರೆ ತೆಂಗಿನಕಾಯಿ. ನಮ್ಮ ಅಂಗಡಿಯಲ್ಲಿ ಅದು ಬರೀ ಮಾತಾಗಿರಲಿಲ್ಲ, ರೂಢಿಯಾಗಿತ್ತು. ವಯಸ್ಸಾಗಿ ಯಾರಾದರೂ ಕೆಲಸ ಬಿಡುವಾಗ ದೊಡ್ಡ ಸೇಠರು ಗಾದಿಯಿಂದ ಎದ್ದು ಬಂದು, ಶಾಲು ಹೊದಿಸಿ, ಕಾಯಿಯನ್ನು ಅವರ ಕೈಯಲ್ಲಿಟ್ಟು ಬಾಗಿಲತನಕ ಕಳಿಸಿ ಬರುತ್ತಿದ್ದರು. ಆ ಕಾಯಿ ಆರಿಸಿ ತರುವ ಕೆಲಸ ಕಾಕಾನದು. "ಮನಿಶ್ಯಾ ಇಲ್ಲೇ ಕೂದಲ ಬೆಳ್ಳಗ ಮಾಡಿಕೊಂಡಾನ. ಅವಗ ಬುರುಡಿ ಕಾಯಿ ಕೊಡಾಕ ಬರತೈತೇನು?" ಎನ್ನುತ್ತಿದ್ದರು.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ದೊಡ್ಡ ಸೇಠರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಮಗ ಬಂದು ಗಾದಿಯಲ್ಲಿ ಕುಳಿತ. ಕುಳಿತ ಎನ್ನುವುದಕ್ಕಿಂತ ಗಾದಿ ತೆಗೆಸಿ ಕುರ್ಚಿ ಹಾಕಿಸಿದ ಎನ್ನಬೇಕು. ಬೊರಿವಲಿಯಲ್ಲಿ ಐದನೆಯ ಅಂಗಡಿ ತೆರೆಯುತ್ತಾರಂತೆ ಎಂಬ ಸುದ್ದಿ ಆಗಲೇ ಹುಟ್ಟಿತು. ಆಗಿನ ಬೊರಿವಲಿ ಎಂದರೆ ಊರಾಚೆ. ಕಾಕಾ ಮಾತ್ರ ಕನಸು ಕಟ್ಟತೊಡಗಿದರು. "ಹೊಸಾ ಅಂಗಡಿಗೆ ನಿನ್ನ ಒಯ್ತೀನಿ. ಅಲ್ಲಿ ಗಿರಾಕಿಗಿಂತ ಹೆಚ್ಚಿಗಿ ಎಮ್ಮಿ ಅದಾವಂತ. ಕೌಂಟರಿನ ಮ್ಯಾಲ ಪುಸ್ತಕಾ ಇಟಗೊಂಡು ಓದು."

ಆ ದೀಪಾವಳಿಯಲ್ಲಿ ವ್ಯಾಪಾರ ತಣ್ಣಗಿತ್ತು. ಪಾಡ್ಯಕ್ಕೆ ಮುಚ್ಚಿದ ಅಂಗಡಿಯನ್ನು ಪಂಚಮಿಯ ದಿನ ಪೂಜೆ ಮಾಡಿ ತೆರೆಯುವುದು ವಾಡಿಕೆ. ಹಿಂದಿನ ಸಂಜೆ ಚಿಕ್ಕ ಸೇಠ ಕಾಕಾನಿಗೆ ಹನ್ನೊಂದು ಕಾಯಿ ತರಲು ಹೇಳಿಕಳಿಸಿದ. ಹನ್ನೊಂದು ಎಂದರೆ ಶುಭದ ಲೆಕ್ಕ. ಹೊಸ ಅಂಗಡಿಯ ಮುಹೂರ್ತವೂ ನಾಳೆಯೇ ಇರಬೇಕು ಎಂದು ಕಾಕಾ ಹಿಗ್ಗಿದರು. ನನ್ನನ್ನೂ ಕರೆದುಕೊಂಡು ದಾದರ್ ಮಾರ್ಕೆಟ್ಟಿಗೆ ಹೊರಟರು.

ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಜುಟ್ಟು ಹರಿದದ್ದನ್ನು ಬದಿಗಿಟ್ಟರು. ದೇವರ ಕಾಯಿಗೆ ಜುಟ್ಟು ಇರಲೇಬೇಕು. ಕಾಯಿ ಮಾರುವ ಮರಾಠಿ ಹೆಂಗಸು ರೋಸಿಹೋಗಿ, "ಕಾಯ್ ಕಾಕಾ, ಮುಲಗಿ ಬಘಾಯ್‌ಲಾ ಆಲಾತ್ ಕಾ?" ಎಂದಳು. ಹೆಣ್ಣು ನೋಡಲು ಬಂದಿದ್ದೀರೇನು ಎಂಬ ಕುಚೋದ್ಯ. ಕಾಕಾ ಗಟ್ಟಿಯಾಗಿ ನಕ್ಕರು. ಹನ್ನೊಂದು ಕಾಯಿಯ ಬುಟ್ಟಿಯನ್ನು ನನಗೆ ಹೊರಗೊಡದೆ ತಾವೇ ಹೊತ್ತರು.

ಪಂಚಮಿಯ ಬೆಳಿಗ್ಗೆ ಎಲ್ಲರೂ ಮಡಿಕೆ ಮುರಿಯದ ಹೊಸ ಅಂಗಿ ತೊಟ್ಟು ಬಂದಿದ್ದೆವು. ಪೂಜೆಗೆ ಭಟ್ಟರು ಬಂದಿರಲಿಲ್ಲ. ಕೌಂಟರಿನ ಒಂದು ತುದಿ ಕಿತ್ತುಹಾಕಿ, ಅಲ್ಲಿ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಹೊಲಿದು ಸಿದ್ಧವಾದ ಅಂಗಿಗಳನ್ನು ಹ್ಯಾಂಗರಿಗೆ ನೇತುಹಾಕಿದ್ದರು. ಒಂದೊಂದರ ಕಾಲರಿಗೂ ಬೆಲೆಯ ಚೀಟಿ. ಚಿಕ್ಕ ಸೇಠ ನಿಂತುಕೊಂಡೇ ಹಿಂದಿಯಲ್ಲಿ ಹೇಳಿದ. ಇನ್ನು ಮೇಲೆ ರೆಡಿಮೇಡ್ ಕಾಲ. ಅಂಗಿ ತನ್ನ ಬೆಲೆ ತಾನೇ ಹೇಳುತ್ತದೆ, ಬಿಚ್ಚಿ ತೋರಿಸಿ ಅಳೆದು ಹರಿಯುವವರು ಇಷ್ಟು ಜನ ಬೇಡ. ನಾಲ್ಕೂ ಅಂಗಡಿಗಳಲ್ಲಿ ಇವತ್ತೇ ಹೀಗೆ ನಡೆಯುತ್ತಿದೆ. ಬೊರಿವಲಿ ಅಂಗಡಿ ಎಂಬುದು ಬರೀ ಗಾಳಿಸುದ್ದಿ. ಇಷ್ಟು ಹೇಳಿ ಬೆರಳು ತೋರಿಸುತ್ತಾ ಬಂದ. ನೀನು, ನೀನು, ನೀನು. ಹನ್ನೊಂದು ಜನ. ಕೊನೆಯ ಬೆರಳು ನನ್ನ ಕಡೆ ಬಂತು. ಕಾಕಾನ ಕಡೆ ಬರಲೇ ಇಲ್ಲ.

"ಕಾಕಾ, ಸಬ್ ಕೋ ಏಕ್ ಏಕ್ ನಾರಿಯಲ್ ದೇ ದೋ" ಎಂದು ಬುಟ್ಟಿ ತೋರಿಸಿದ. ಎಲ್ಲರಿಗೂ ಒಂದೊಂದು ಕಾಯಿ ಕೊಟ್ಟುಬಿಡು.

ಕಾಕಾನ ಮುಖ ಆಗ ಹೇಗಿತ್ತೆಂದು ಬಹಳ ಜನ ಕೇಳಿದ್ದಾರೆ. ನಾನು ಮುಖ ನೋಡಲಿಲ್ಲ. ಬಾಗಿದ ಹೆಬ್ಬೆರಳು ಬುಟ್ಟಿಯ ಅಂಚಿನ ಮೇಲೆ ಇದ್ದದ್ದು ಮಾತ್ರ ಕಂಡಿತು. ತಾವೇ ಕಿವಿಗಿಟ್ಟು ಆರಿಸಿ, ತಾವೇ ಹೊತ್ತು ತಂದ ಕಾಯಿಗಳು. ವಿಜಾಪುರದ ಸೇಲ್ಸ್‌ಮನ್ ಒಬ್ಬ ನನ್ನ ಪಕ್ಕದಲ್ಲೇ, "ಶಾಲೂ ಇಲ್ಲ, ಬರೇ ಕಾಯಿ" ಎಂದು ಗೊಣಗಿದ.

ಕಾಕಾ ಮೊದಲ ಕಾಯಿ ತೆಗೆದರು. ಹಣೆಗೆ ಒತ್ತಿಕೊಂಡು ತಮ್ಮ ಎಡಗಂಕುಳಲ್ಲಿ ಇಟ್ಟುಕೊಂಡರು.

"ಸೇಠ್, ಪೈಲಾ ಮೇರಾ."

ಮೊದಲನೆಯದು ನನ್ನದು. ಚಿಕ್ಕ ಸೇಠ, ಅಲ್ಲ ಅಲ್ಲ, ನಿನಗಲ್ಲ, ನೀನು ಇರಬೇಕು ಎಂದ. ಕಾಕಾ ಕೇಳಿಸದವರಂತೆ ಉಳಿದ ಕಾಯಿಗಳನ್ನು ಒಬ್ಬೊಬ್ಬರ ಕೈಯಲ್ಲಿ ಇಡುತ್ತಾ ಬಂದರು. ಯಾರಿಗೂ ಎಸೆದಂತೆ ಕೊಡಲಿಲ್ಲ. ದೊಡ್ಡ ಸೇಠರು ಕೊಡುತ್ತಿದ್ದಂತೆಯೇ ಎರಡೂ ಕೈಯಿಂದ, ತುಸು ಬಾಗಿ. ಒಬ್ಬ ಅತ್ತ. ವಿಜಾಪುರದವ ಕಾಯಿ ಹಿಡಿದು ಹೊರಗೆ ನಡೆದ. ನನ್ನ ಹತ್ತಿರ ಬರುವ ಹೊತ್ತಿಗೆ ಬುಟ್ಟಿ ಖಾಲಿಯಾಗಿತ್ತು.

"ಇನ್ನೊಂದು ತರಿಸು" ಎಂದ ಚಿಕ್ಕ ಸೇಠ.

ಕಾಕಾ ತಮ್ಮ ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ: "ನಾನು ಕಾಯಿ ತಗೊಂಡಾಯಿತು ಸೇಠ್, ಈಗ ನಿಮ್ಮ ಆಳಲ್ಲ. ಇನ್ನೊಂದು ಬೇಕಾದರೆ ನೀವೇ ಮಾರ್ಕೆಟ್ಟಿಗೆ ಹೋಗಿ ಆರಿಸಿ. ಇಲ್ಲವಾದರೆ ನನ್ನ ಜಾಗಕ್ಕೆ ಇವನಿರಲಿ. ಯಾವ ಥಾನು ಎಲ್ಲಿದೆ ಎಂದು ಇವನಿಗೆ ಗೊತ್ತು. ಕೈಯಲ್ಲಿ ಕಾಯಿ ಇಡದೆ ಯಾರನ್ನೂ ಹೊರಗೆ ಹಾಕಿದ ಅಂಗಡಿ ಇದಲ್ಲ. ಮನೆಗೆ ಹೋಗಿ ನಿಮ್ಮ ಅಪ್ಪನನ್ನು ಕೇಳಿ."

ಚಿಕ್ಕ ಸೇಠನಿಗೆ ರೇಗಿತೋ ನಾಚಿಕೆಯಾಯಿತೋ ಹೇಳಲಾರೆ. ಕೈ ಒದರಿ ಕುರ್ಚಿಯ ಕಡೆ ನಡೆದ. ನಾನು ಉಳಿದೆ.

ಉಳಿದದ್ದು ಸುಖವಾಗಿತ್ತೆಂದು ಯಾರೂ ತಿಳಿಯಬಾರದು. ಹೊರಬಿದ್ದವರು ಸ್ಟೇಷನ್ನಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಹೊಟೇಲಿಗೆ ಸೇರಿಕೊಂಡ ಉಡುಪಿಯ ಒಬ್ಬ ಒಮ್ಮೆ ಚಹಾ ತಂದಿಟ್ಟು, "ನಿನಗೆ ಕಾಯಿ ಸಿಗ್ಲಿಲ್ಲ ಅಲ್ವಾ ಮಾರಾಯ. ನಾವು ಚಟ್ನಿ ಮಾಡಿ ತಿಂದೆವು, ಒಳ್ಳೆ ಸಿಹಿ ಇತ್ತು" ಎಂದ. ನಾನು ಚಹಾದ ದುಡ್ಡು ಮೇಜಿನ ಮೇಲಿಟ್ಟು ಎದ್ದುಬಂದೆ. ಹ್ಯಾಂಗರುಗಳ ನಡುವೆ ನಿಂತು ನಾನು ಧೂಳು ಕೊಡವುತ್ತಿದ್ದೆ, ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ನಿಂತೇಹೋಗಿತ್ತು.

ಕಾಕಾನಿಗೆ ಆ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಪರಳ್‌ನ ಸೇತುವೆಯ ಕೆಳಗೆ ಗೋಣಿತಟ್ಟು ಹಾಸಿ ಕಟ್‌ಪೀಸ್ ಮಾರಲು ಕುಳಿತರು. ಮುನಿಸಿಪಾಲಿಟಿಯವರು ಬಂದರೆ ಗಂಟು ಕಟ್ಟಿಕೊಂಡು ಓಡಬೇಕು. ತೇಗದ ಕೌಂಟರಿನ ಹಿಂದೆ ನೆಟ್ಟಗೆ ನಿಂತಿರುತ್ತಿದ್ದ ಆ ಮನುಷ್ಯ ಗಂಟು ಎದೆಗವಚಿ ಓಡುವುದನ್ನು ಒಂದು ಸಲ ನೋಡಿದೆ. ಅವರು ದಾಟಿ ಹೋದ ಮೇಲೆ ಕೆಳಗೆ ಬಿದ್ದಿದ್ದ ಒಂದು ತುಂಡು ಹೆಕ್ಕಿಕೊಂಡು ಹಿಂದೆ ಹೋದೆ.

"ನನ್ನ ಸಲುವಾಗಿ ಹೀಗೆ ಮಾಡಿಕೊಂಡಿರಾ, ಕಾಕಾ?" ಎಂದು ಕೇಳಿಯೇಬಿಟ್ಟೆ.

ಅವರು ಏದುಸಿರು ಬಿಡುತ್ತಾ ತಾವಿದ್ದ ಚಾಳಿನ ಮೆಟ್ಟಿಲ ಮೇಲೆ ಕುಳಿತರು. "ನಿನ್ನ ಸಲುವಾಗಿ ಅಂತ ಯಾರ ಹೇಳಿದರು? ದೊಡ್ಡಾಂವಾದಿ ಬಿಡು. ಹಂಗ ಕಾಯಿ ಹಂಚಿ ಮರುದಿವಸ ಅದ ಕೌಂಟರಿನಾಗ ನಿಂದ್ರಾಕ ನನ್ನ ಕೈಲೆ ಆಗತಿದ್ದಿಲ್ಲ, ಅಷ್ಟ." ನನ್ನ ಕೈಯಲ್ಲಿದ್ದ ತುಂಡನ್ನು ತೆಗೆದು ಗಂಟಿಗೆ ಸೇರಿಸುತ್ತಾ, "ಪರೀಕ್ಷಾ ಯಾವಾಗ?" ಎಂದರು.

ಪಾಸಾದೆ. ಪದವಿದಾನದ ಕಪ್ಪು ಗೌನು ತೊಟ್ಟುಕೊಂಡೇ ಅವರ ಖೋಲಿಗೆ ಹೋದೆ. ಚಾಳಿನ ಮಂದಿಯೆಲ್ಲ ವರಾಂಡಕ್ಕೆ ಬಂದು ನೋಡಿದರು. ಕಾಕಾ ಗೌನಿನ ಅಂಚನ್ನು ಬೆರಳಲ್ಲಿ ಉಜ್ಜಿ, "ಅರಿವಿ ಏನೂ ಚಲೋ ಇಲ್ಲ" ಎಂದರು. ಅದು ಬಾಡಿಗೆಯದು ಎಂದೆ. "ಗೌನ್ ಬಾಡಿಗಿದು ಇರಲಿ. ಒಳಗಿನಾಂವ ಇಡೀ ಥಾನ ಆದನಲ್ಲ, ಸಾಕು." ಅವರ ಹೆಂಡತಿ, ನಮ್ಮೆಲ್ಲರ ಕಾಕು, ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಆಗಲೇ ಗೋಡೆಯ ಗೂಡಿನಲ್ಲಿ, ದೇವರ ಪಟದ ಬದಿಗೆ ಜುಟ್ಟಿದ್ದ ಆ ಕಾಯಿ ಕಂಡದ್ದು. ಇನ್ನೂ ಒಡೆದಿಲ್ಲವೇ ಎಂದು ಕೇಳಿದೆ. "ಹೊತ್ತ ಬರಲಿ" ಎಂದರು.

ಬಿ.ಎ. ಆದ ಮೇಲೆ ನನಗೆ ಆಫೀಸಿನ ಕೆಲಸ ಸಿಕ್ಕಿತು, ಅಂಗಡಿ ಬಿಟ್ಟೆ. ಮರುವರ್ಷದ ಮಳೆಗಾಲದಲ್ಲಿ ಕಾಕಾ ಜ್ವರದಲ್ಲಿ ಮಲಗಿದವರು ಏಳಲಿಲ್ಲ. ಕೊನೆಯ ದಿನಗಳಲ್ಲಿ ಜ್ವರದ ಮಂಪರಿನಲ್ಲಿ ಹೊದಿಕೆಯ ಅಂಚನ್ನು ಗಜ ಹಿಡಿದವರಂತೆ ಅಳೆಯುತ್ತಿದ್ದರಂತೆ. ನಾನು ಹೋಗುವಷ್ಟರಲ್ಲಿ ಹೊರಗೆ ಮಲಗಿಸಿದ್ದರು. ಬಾಗಿದ ಹೆಬ್ಬೆರಳನ್ನು ಕಟ್ಟುವುದಕ್ಕೆ ಜನ ಹೆಣಗುತ್ತಿದ್ದರು. ಅದು ಎಡಗೈಯ ಹೆಬ್ಬೆರಳಿಗೆ ಹೊಂದುತ್ತಲೇ ಇರಲಿಲ್ಲ.

ಹದಿಮೂರರ ಕಾರ್ಯ ಮುಗಿದು ಎಲ್ಲರೂ ಏಳುವಾಗ ಕಾಕು ನನ್ನನ್ನು ನಿಲ್ಲಿಸಿ, ಗೂಡಿನಿಂದ ಆ ಕಾಯಿ ತೆಗೆದರು. ಅದರ ನೀರೆಲ್ಲ ಬತ್ತಿ ಕೊಬ್ಬರಿ ಗಿಟುಕಾಗಿ ಒಳಗೆ ಗಡಗಡ ಎನ್ನುತ್ತಿತ್ತು.

"ನಾ ಎಷ್ಟ ಸಲ ಒಡೀರಿ ಅಂದೆ, ಒಡೀಲಿಲ್ಲ. ಇದು ನಮ್ಮದಲ್ಲ, ಆ ಹುಡುಗಂದು ಅಂತಿದ್ದರು. ಅವನ ಓದು ಮುಗಿಯೂತನಕ ಇಟಗೊಂಡೀನಿ ಅಂತಿದ್ದರು. ಮುಗಿದ ಮ್ಯಾಲೂ ಕೊಡಾಕ ಅವರಿಗೆ ಮನಸ ಬರಲಿಲ್ಲ ನೋಡು. ತಗೋಪಾ."

ನಾನು ತುಸು ಬಾಗಿ, ಎರಡೂ ಕೈ ಚಾಚಿ ತೆಗೆದುಕೊಂಡೆ.