ಅಕ್ಕನ ಮನೆಗೆ ಬಾರದ ಹೊಲಿಗೆ ಮೆಷಿನ್

ಕೊಡಿಯಾಲ್‌ಬೈಲಿನಲ್ಲಿ ನನ್ನದೊಂದು ವಕೀಲರ ಕಚೇರಿ ಇದೆ. ಊರಿನವರ ತಕರಾರುಗಳಿಗೆಲ್ಲ ಅಲ್ಲಿ ಕುಳಿತು ದಾರಿ ತೋರಿಸುವವನು ನಾನು. ಅಕ್ಕನ ಒಂದೇ ಒಂದು ತಕರಾರನ್ನು ಮಾತ್ರ ಕೈಯಾರೆ ಕೆಡಿಸಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಅಕ್ಕ ಬಿಕರ್ನಕಟ್ಟೆಯ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಬಟ್ಟೆ, ನೂಲು, ಲೈನಿಂಗ್ ಎಲ್ಲ ತರಿಸುತ್ತಿದ್ದುದು ಮೊಬೈಲಿನ ಒಂದು ಆ್ಯಪಿನಿಂದ. ಒಂದು ವರ್ಷ ಹಬ್ಬದ ಸಮಯಕ್ಕೆ ಆ ಕಂಪನಿಯವರು ಸ್ಪರ್ಧೆ ಹೂಡಿದರು. ಜಿಲ್ಲೆಯಲ್ಲಿ ಅತಿ ಹೆಚ್ಚು ಖರೀದಿಸಿದವರಿಗೆ ಕಸೂತಿಯನ್ನೂ ಹಾಕುವ ಮೋಟಾರ್ ಮೆಷಿನ್. ಅಕ್ಕ ಗೆದ್ದಳು. ಹದಿನೈದು ದಿನದಲ್ಲಿ ಬಹುಮಾನ ಮನೆಗೆ ಬರುತ್ತದೆಂದು ಅಭಿನಂದನೆಯ ಮೆಸೇಜು ಬಂತು. ಅವಳದು ಮೊದಲಿನಿಂದಲೂ ಧಾರಾಳದ ಕೈ. ಅಂದೇ ಸಂಜೆಯೊಳಗೆ ಕಾಲಿನಲ್ಲಿ ತುಳಿಯುವ ತನ್ನ ಹಳೆಯ ಮೆಷಿನನ್ನು ಪಕ್ಕದ ಮನೆಯ ಸೊಸೆಗೆ ಕೊಟ್ಟುಬಿಟ್ಟಳು.

ಹೊಸದು ಬರಲೇ ಇಲ್ಲ. ಕೇಳಿದಾಗೆಲ್ಲ 'ನಿಮ್ಮ ಮನವಿ ಪರಿಶೀಲನೆಯಲ್ಲಿದೆ' ಎಂಬ ಗಿಳಿಪಾಠ. ಮೂರು ತಿಂಗಳಾದ ಮೇಲೆ ಅದೂ ನಿಂತಿತು. ಅಕ್ಕ ಮೊಬೈಲು ಹಿಡಿದುಕೊಂಡು ನನ್ನ ಕಚೇರಿಗೆ ಬಂದಳು.

“ಇದಕ್ಕೆ ಎಂತ ಮಾಡ್ಲಿಕ್ಕೆ ಆಗ್ತದೆ ತಮ್ಮ?”

“ದಾರಿ ಬೇಕಾದಷ್ಟು ಉಂಟು,” ಎಂದೆ.

ಜೂನಿಯರ್‌ಗಳಿಗೆ ಪಾಠ ಹೇಳುವ ಧಾಟಿಯಲ್ಲಿ ಒದರಿದೆ. ಘೋಷಿಸಿದ ಬಹುಮಾನ ಕೊಡದಿರುವುದು ಅನುಚಿತ ವ್ಯಾಪಾರ. ಜಾಹೀರಾತು, ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು, ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು, ಗ್ರಾಹಕ ಸಹಾಯವಾಣಿಗೂ ತಿಳಿಸಬೇಕು. ಅದಕ್ಕೂ ಬಗ್ಗದಿದ್ದರೆ ನೋಟಿಸು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು. ಆ ದೂರಿಗೆ ವಕೀಲನೇ ಬೇಕೆಂದಿಲ್ಲ, ಅವಳೇ ಕೊಡಬಹುದು ಎಂಬುದನ್ನು ಮಾತ್ರ ಹೇಳಲಿಲ್ಲ. ತಮ್ಮನಿರುವಾಗ ಅವಳೇಕೆ ಅಲೆಯಬೇಕು ಎಂಬ ಜಂಬ ನನ್ನದು.

“ನೀನು ತಲೆಬಿಸಿ ಮಾಡ್ಬೇಡ. ನಾನು ನೋಡ್ತೇನೆ,” ಎಂದೆ.

ನೋಡಲಿಲ್ಲ. ಪಣಂಬೂರಿನ ಗುತ್ತಿಗೆದಾರರ ದೊಡ್ಡ ಕೇಸುಗಳ ಅಡಿಯಲ್ಲಿ ಅಕ್ಕನ ಕಡತ ಸೇರಿಹೋಯಿತು. ಅವಳು ಪೇಟೆಯ ಒಂದು ಟೈಲರ್ ಅಂಗಡಿಗೆ ಹೋಗಿ ಬೇರೆಯವರ ಮೆಷಿನಿನಲ್ಲಿ ಹೊಲಿಯತೊಡಗಿದಳು. ಕೊಟ್ಟದ್ದನ್ನು ವಾಪಸು ಕೇಳುವ ಜಾಯಮಾನ ಅವಳದಲ್ಲ.

ಹೀಗಿರುವಾಗ ಒಂದು ಸಂಕ್ರಮಣದಂದು ಅಕ್ಕ ಕುಟುಂಬದ ದೈವಸ್ಥಾನಕ್ಕೆ ಹೋಗಿ ಬಹಳ ಹೊತ್ತು ಕೈಮುಗಿದು ನಿಂತಿದ್ದಳೆಂದು ಭಾವ ಹೇಳಿದರು. ನಮ್ಮಲ್ಲೊಂದು ಕಟ್ಟುಪಾಡಿದೆ. ಆದ ಅನ್ಯಾಯವನ್ನು ದೈವದ ಮುಂದೆ ಇಟ್ಟ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಬಾರದು, ದೈವದ ತೀರ್ಮಾನಕ್ಕೆ ಕಾಯಬೇಕು. ಅಕ್ಕ ದೈವಕ್ಕೆ ದೂರು ಕೊಟ್ಟಳು ಎಂದುಕೊಂಡೆ. ಸುಳ್ಳೇಕೆ ಹೇಳಲಿ, ನನಗೆ ಹಾಯೆನಿಸಿತು. ಕಕ್ಷಿದಾರರಿಗೆ ಹತ್ತು ಪ್ರಶ್ನೆ ಕೇಳದೆ ಪೆನ್ನು ಎತ್ತದ ನಾನು ಅಕ್ಕನನ್ನು ಒಂದು ಮಾತೂ ಕೇಳದೆ ಕಡತವನ್ನು ಕಪಾಟಿಗೆ ಹಾಕಿದೆ.

ಕಳೆದ ತಿಂಗಳು ಅಕ್ಕ ಊಟಕ್ಕೆ ಕರೆದಿದ್ದಳು. ಚಾವಡಿಯ ಕಿಟಕಿಯ ಪಕ್ಕ ಮೆಷಿನಿಗೆಂದು ಪ್ಲಗ್ ಹಾಕಿಸಿಟ್ಟಿದ್ದಾಳೆ. ಆ ಜಾಗದಲ್ಲಿ ಯಾರೂ ಕುರ್ಚಿ ಇಡುವ ಹಾಗಿಲ್ಲವಂತೆ.

“ನಮ್ಮ ಮೆಷಿನಿನದ್ದು ಎಲ್ಲಿಗೆ ಮುಟ್ಟಿತು?” ಬಂಗುಡೆ ಮೀನಿನ ಗಸಿ ಬಡಿಸುತ್ತ ಕೇಳಿದಳು.

“ಅದು ನೀನು ದೈವಕ್ಕೆ ದೂರು ಕೊಟ್ಟಿದ್ದಿಯಲ್ಲ?”

ಬಡಿಸುತ್ತಿದ್ದ ಕೈ ನಿಂತಿತು.

“ಇಲ್ಲ ಮಾರಾಯ. ಎಲ್ಲರೂ ಕೊಡು ಕೊಡು ಅಂದ್ರು. ನಾನು ಕೊಡ್ಲಿಲ್ಲ. ನಿನ್ನ ಕೈಗೆ ಕೊಟ್ಟದ್ದನ್ನು ಅಲ್ಲಿ ಪುನಃ ಹೇಳಿದ್ರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದಲ್ಲ. ತಮ್ಮನಿಗೆ ಕೆಲಸ ಜಾಸ್ತಿ, ಅವನ ಆರೋಗ್ಯ ನೋಡಿಕೊಳ್ಳಿ ಅಂತ ಕೇಳಿ ಬಂದದ್ದು, ಅಷ್ಟೇ.”

ಎರಡು ವರ್ಷದ ಗಡುವು ದಾಟಿ ಆಗಲೇ ಐದು ತಿಂಗಳಾಗಿತ್ತು.

ತಡವಾದುದಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು. ಮರುದಿನ ಆ ಅರ್ಜಿ ಬರೆಯಲು ಕುಳಿತೆ. ಇಂಥ ಅರ್ಜಿಗಳಿಗೆ ಕಾಯಿಲೆ, ಪ್ರಯಾಣ ಎಂದು ಏನೇನೋ ಬರೆದು ರೂಢಿಯಿದೆ ನನಗೆ. ಈ ಸಲ ಕೈ ಬರಲಿಲ್ಲ. ದೂರುದಾರಳು ವಕೀಲನಾದ ತನ್ನ ತಮ್ಮನನ್ನು ನಂಬಿ ಕಾಯುತ್ತಿದ್ದಳು ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.