ಒಂಬತ್ತನೆಯ ಪ್ರಶ್ನೆ

ಲೊರೇನ್ ಟ್ರೆಲೋರ್ ಮೂವತ್ತೊಂದು ವರ್ಷ ದನದ ಲಾರಿ ಓಡಿಸಿದವಳು. ಲಾರಿಯೆಂದರೆ ಒಂದರ ಹಿಂದೊಂದು ಮೂರು ಟ್ರೇಲರು ಕಟ್ಟಿಕೊಂಡು ಹೋಗುವ, ರೈಲಿನಂಥ ಗಾಡಿ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಕೆಂಪು ರಸ್ತೆಗಳಲ್ಲಿ ಇಷ್ಟು ವರ್ಷ ಓಡಾಡಿದರೂ ಅವಳ ಗಾಡಿ ಒಮ್ಮೆಯೂ ಮಗುಚಲಿಲ್ಲ. ಅದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ನಸುಕಿನಲ್ಲೇ ದನ ತುಂಬಿಕೊಂಡು ಹೊರಡುವವಳು. ಮಧ್ಯಾಹ್ನ ಕಣ್ಣು ಭಾರವಾಯಿತೆಂದರೆ ಗಾಡಿ ಬದಿಗೆ ಹಾಕಿ, ಯಾವುದಾದರೂ ದನ ಬಿದ್ದಿದೆಯೇ ಎಂದು ಒಂದು ಸುತ್ತು ನೋಡಿ, ಟ್ರೇಲರಿನ ನೆರಳಿನಲ್ಲಿ ಕ್ಯಾನ್ವಾಸ್ ಹಾಸಿ ಇಪ್ಪತ್ತು ನಿಮಿಷ ಮಲಗಿಬಿಡುತ್ತಿದ್ದಳು. ಮೇಲಿನಿಂದ ಸಗಣಿ ಬೀಳದ ಜಾಗ ಯಾವುದೆಂದು ಅವಳಿಗೆ ಕಣ್ಣುಮುಚ್ಚಿದರೂ ಗೊತ್ತು.

ಅವಳಿಗೆ ಐವತ್ತೆಂಟಾದ ವರ್ಷ ಲೈಸೆನ್ಸ್ ಮುಂದುವರಿಸಲು ಡಾಕ್ಟರ ಸರ್ಟಿಫಿಕೇಟು ಬೇಕಾಯಿತು. ತಿಂಗಳಿಗೆ ಎರಡು ದಿನ ವಿಮಾನದಲ್ಲಿ ಬಂದುಹೋಗುವ ಎಳೆಯ ಡಾಕ್ಟರು ಅವಳ ಕಣ್ಣು, ಕಿವಿ, ಬಿ.ಪಿ., ಸಕ್ಕರೆ ಎಲ್ಲ ನೋಡಿ ತಲೆದೂಗಿದರು. ಆಮೇಲೆ ಎಂಟು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕೂತು ಓದುವಾಗ ತೂಕಡಿಕೆ ಬರುತ್ತದೆಯೇ? ಬೇರೆಯವರು ಕಾರು ಓಡಿಸುವಾಗ? ಮಧ್ಯಾಹ್ನ ಅಡ್ಡಾದಾಗ? ಇಲ್ಲವೇ ಇಲ್ಲ ಎಂದರೆ ಸೊನ್ನೆ, ಖಂಡಿತ ಎಂದರೆ ಮೂರು.

ಲೊರೇನ್ ಇದ್ದದ್ದು ಇದ್ದಹಾಗೆ ಬರೆದಳು. ಮೂರು, ಮೂರು, ಮೂರು. ಎಂಟೂ ಉತ್ತರ ಕೂಡಿಸಿದರೆ ಹದಿನೇಳಾಯಿತು.

"ಲೊರೇನ್, ಇದು ತುಂಬಾ ಜಾಸ್ತಿ ಆಯ್ತಲ್ಲ," ಎಂದರು ಡಾಕ್ಟರು.

"ಮಧ್ಯಾಹ್ನ ಮಲಗಿದ್ರೆ ನಿದ್ದೆ ಬರುತ್ತಾ ಅಂತ ಕೇಳಿದೀರಿ. ನಿದ್ದೆ ಬರ್ಲಿ ಅಂತ ತಾನೇ ಡಾಕ್ಟ್ರೇ ಮಲಗೋದು?"

"ನಿಮ್ಮ ಮಾತು ಸರಿ. ಆದ್ರೆ ಅಂಕಿ ಇಷ್ಟು ಬಂದ್ರೆ ನಾನು ಸಹಿ ಹಾಕೋಹಾಗಿಲ್ಲ. ಕರಾವಳಿಗೆ ಹೋಗಿ ನಿದ್ದೆ ಪರೀಕ್ಷೆ ಮಾಡಿಸ್ಕೊಳ್ಳಿ. ಅಲ್ಲೀವರೆಗೆ ಲಾರಿ ಮುಟ್ಟಬೇಡಿ."

"ನಿದ್ದೆ ಬಂದಾಗ ಏನ್ಮಾಡ್ತೀಯ ಅಂತ ಯಾಕೆ ಕೇಳಲ್ಲ?"

"ಆ ಪ್ರಶ್ನೆ ಹಾಳೇಲಿ ಇಲ್ಲ," ಎಂದರು ಡಾಕ್ಟರು, ಪಾಪ, ತಲೆ ತಗ್ಗಿಸಿ.

ಪರೀಕ್ಷೆಗೆ ದಿನ ಸಿಕ್ಕಿದ್ದು ಹನ್ನೊಂದು ವಾರದ ನಂತರ. ಲಾರಿ ಯಾರ್ಡಿನ ಸಾಹುಕಾರ ಪಾಸ್ಕೋ ಅವಳ ಕೈಗೆ ನೀರಿನ ಪೈಪು ಕೊಟ್ಟು ಟ್ರೇಲರ್ ತೊಳೆಯಲು ಹಚ್ಚಿದ. ಅವಳ ಗಾಡಿಯ ಕೀಲಿ ಡೆಜ್ ಎಂಬವನ ಕೈ ಸೇರಿತು. ಹತ್ತು ವರ್ಷದ ಹಿಂದೆ ಗೇರು ಹಾಕುವುದನ್ನು ಅವನಿಗೆ ಕಲಿಸಿದವಳು ಅವಳೇ.

ಒಂದು ಬೆಳಿಗ್ಗೆ ಅದೇ ಡೆಜ್ ಗಾಡಿಯಿಂದಿಳಿದ. ಕಣ್ಣು ಕೆಂಡದಂತಿತ್ತು. ಕೈಯಲ್ಲಿ ನಿದ್ದೆಗೆಡಿಸುವ ಪಾನೀಯದ ಡಬ್ಬಿ, ಸೀಟಿನ ಕೆಳಗೆ ಖಾಲಿ ಡಬ್ಬಿಗಳ ರಾಶಿ.

"ಏನ್ ಮುದುಕಿ, ಸಗಣಿ ಸ್ನಾನ ಜೋರಾ?"

"ನಿನ್ನ ಹಾಳೇಲಿ ಎಷ್ಟು ಬಂತೋ?"

"ಸೊನ್ನೆ! ಎಲ್ಲಾರೂ ಸೊನ್ನೇನೇ ಬರೆಯೋದು ಮಾರಾಯ್ತಿ. ನಮ್ಮ ಯಾರ್ಡಿನಲ್ಲಿ ತೂಕಡಿಸೋರೇ ಹುಟ್ಟಿಲ್ಲ. ನೀನೊಬ್ಳು ಬಂದೆ ನೋಡು ಸತ್ಯಸಂಧೆ. ಪಕ್ಕದೂರಲ್ಲಿ ಬೇರೆ ಡಾಕ್ಟ್ರಿದಾರೆ. ಹೋಗಿ ಎಂಟು ಸೊನ್ನೆ ಸುತ್ತು, ನಾಳೆನೇ ನಿನ್ನ ಗಾಡಿ ನಿಂಗೆ."

"ನೀನು ಕೊನೇ ಸಲ ಮಲಗಿದ್ದು ಯಾವಾಗ?"

ಡೆಜ್ ನಕ್ಕ. ನಗುತ್ತಲೇ ಬಾಗಿಲಿಗೆ ಒರಗಿದವನು ನಿಂತಲ್ಲೇ ಕಣ್ಣು ಮುಚ್ಚಿ, ಬೆಚ್ಚಿ ತೆರೆದ.

ನಿದ್ದೆ ಬಂದರೆ ನಿಲ್ಲಿಸುವವಳ ಕೈಯಲ್ಲಿ ಪೈಪು, ನಿಲ್ಲಿಸದವನ ಕೈಯಲ್ಲಿ ನೂರು ಟನ್ನಿನ ಗಾಡಿ! ಎದುರಿನಿಂದ ಮಕ್ಕಳ ಬಸ್ಸು ಬಂದರೆ ಆ ಸೊನ್ನೆಗಳು ಅಡ್ಡ ನಿಲ್ಲುತ್ತವೆಯೇ? ಲೊರೇನ್ ಪೈಪನ್ನು ಅವನ ಕಡೆಗೇ ತಿರುಗಿಸಿದಳು. ತಲೆಯಿಂದ ಬೂಟಿನವರೆಗೆ ತೊಯ್ದು ಅವನು ಬೊಬ್ಬೆ ಹೊಡೆದ.

"ಈಗ ಸೊನ್ನೆ ಆದೆ ನೋಡು," ಎಂದಳು, ಗಾಡಿಯ ಕೀಲಿ ಕಿತ್ತುಕೊಂಡು. "ಹೋಗಿ ಮಲಕ್ಕೋ. ನೀನು ಏಳೋವರೆಗೆ ಕೀಲಿ ನನ್ನ ಜೇಬಲ್ಲಿರುತ್ತೆ. ಪಾಸ್ಕೋ ಕೇಳಿದ್ರೆ ನನ್ನ ಹತ್ರ ಕಳ್ಸು."

ಪಾಸ್ಕೋ ಬಂದ, ಕೂಗಾಡಿದ. ಅವಳು ಟ್ರೇಲರ್ ತೊಳೆಯುತ್ತಲೇ ಇದ್ದಳು. ಕೀಲಿ ಕೊಟ್ಟದ್ದು ಮಧ್ಯಾಹ್ನ, ಡೆಜ್ ಮುಖ ಉಬ್ಬಿಸಿಕೊಂಡು ಎದ್ದು ಬಂದ ಮೇಲೆಯೇ.

ಆ ಹನ್ನೊಂದು ವಾರ ಮುಗಿದ ಮೇಲೆ ಲೊರೇನ್ ಕರಾವಳಿಗೆ ಹೋಗಿ, ತಲೆಗೆ ಎದೆಗೆ ತಂತಿ ಅಂಟಿಸಿಕೊಂಡು ಮಲಗಿ ಬಂದಳು. ಫಲಿತಾಂಶ ಬಂತು: ಯಾವ ಕಾಯಿಲೆಯೂ ಇಲ್ಲ. ಲೈಸೆನ್ಸ್ ಸಿಕ್ಕಿತು, ಅದೂ ಒಂದೇ ವರ್ಷಕ್ಕೆ. ಕಳೆದುಹೋದ ವಾರಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ವರ್ಷ ತಿರುಗಿತು. ಅದೇ ಕ್ಲಿನಿಕ್ಕು, ಬೇರೆ ಡಾಕ್ಟರು, ಅದೇ ಹಾಳೆ. ಲೊರೇನ್ ಅದೇ ಉತ್ತರಗಳನ್ನು ಒತ್ತಿ ಒತ್ತಿ ಬರೆದಳು. ಆಮೇಲೆ ಕೆಳಗಿನ ಖಾಲಿ ಜಾಗದಲ್ಲಿ ತಾನೇ ಒಂಬತ್ತನೆಯ ಪ್ರಶ್ನೆ ಬರೆದಳು: ನಿದ್ದೆ ಬಂದಾಗ ಏನು ಮಾಡುತ್ತೀರಿ? ಮುಂದೆ ಉತ್ತರ: ಗಾಡಿ ನಿಲ್ಲಿಸುತ್ತೇನೆ.

ಡಾಕ್ಟರು ಕೂಡಿಸಿ, ಹುಬ್ಬೇರಿಸಿದರು. "ಹದಿನೇಳಾಯ್ತು. ಇದರರ್ಥ ಏನು ಅಂತ ನಿಮಗೆ ಗೊತ್ತಾ?"

"ಗೊತ್ತು. ಹೋದ ವರ್ಷ ಹನ್ನೊಂದು ವಾರ ಸಗಣಿ ತೊಳೆದು ಕಲಿತಿದೀನಿ," ಎಂದಳು ಲೊರೇನ್, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾ. "ಈಗ ಆ ಕೊನೇದನ್ನೂ ಓದಿ ಡಾಕ್ಟ್ರೇ. ನೀವು ಓದೋವರೆಗೂ ನಾನು ಏಳಲ್ಲ."